ಕುರ್ಲಾದ ಮೈದಾನದಲ್ಲಿ ರೂಪಕ ತಾಳ

ಸಯನ್

ಧಾರವಾಡದವರಾದ ನಮಗೆ ಮುಂಬಯಿ ಎಂದರೆ ಪಾಸ್‌ಪೋರ್ಟ್ ಬೇಡದ ಪರದೇಶ. ರೈಲು ಇಳಿದ ಐದೇ ನಿಮಿಷಕ್ಕೆ ನಾವು ಹೊರಗಿನವರೆಂದು ಊರಿಗೆಲ್ಲ ಗೊತ್ತಾಗಿಬಿಡುತ್ತದೆ. ನನ್ನ ಗುಟ್ಟು ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ರಟ್ಟಾಯಿತು. ಮೆಟ್ಟಿಲು ಹತ್ತಿ ಏದುಸಿರು ಬಂತೆಂದು ಒಂದು ಗಳಿಗೆ ನಿಂತೆ, ಅಷ್ಟೇ. ಹಿಂದೆ ಬಂದವರೊಬ್ಬರು ನನಗೆ ಡಿಕ್ಕಿ ಹೊಡೆದರು, ಅವರಿಗೆ ಇನ್ನೊಬ್ಬರು, ಅವರಿಗೆ ಮತ್ತೊಬ್ಬರು. ಯಾರೂ ಬೈಯಲಿಲ್ಲ. ಹೊಳೆಯ ನಡುವಿನ ಕಲ್ಲನ್ನು ನೀರು ಬಳಸುವ ಹಾಗೆ ಬಳಸಿಕೊಂಡು ಹೋದರು. ನನ್ನನ್ನು ಕರೆದೊಯ್ಯಲು ಬಂದಿದ್ದ ಭಾವ ಮಾತ್ರ, "ಕುಸುಮಾ, ಇಲ್ಲೆ ನಿಲ್ಲಬಾರದವಾ. ನಿಲ್ಲೂದಿದ್ರ ಧಾರವಾಡದಾಗ ನಿಲ್ಲು," ಎಂದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಅವರೂ ಮೂಲದಲ್ಲಿ ಧಾರವಾಡದವರೇ. ಮೂವತ್ತೆಂಟು ವರ್ಷಗಳ ಹಿಂದೆ ವಿಮಾ ಕಚೇರಿಯ ನೌಕರಿಗೆಂದು ಬಂದು, ಸಯನ್‌ನಲ್ಲಿ ಎರಡು ಕೋಣೆಯ ಮನೆ ಹಿಡಿದು, ಅಲ್ಲೇ ನಿವೃತ್ತರಾದವರು. ಅವರ ಒಬ್ಬಳೇ ಮಗಳು ಸಾನಿಕಾ. ನಾನು ಹೋದದ್ದು ಅವಳಿಗಾಗಿ.

ಸಾನಿಕಾಳಿಗೆ ಇಪ್ಪತ್ತೆರಡು ವರ್ಷ. ಕನ್ನಡ ಪೂರ್ತಿ ತಿಳಿಯುತ್ತದೆ. ಮಾತಾಡಲು ಹೊರಟರೆ ಮಾತ್ರ ಅರ್ಧ ದಾರಿಗೆ ಹಿಂದಿ, ಮರಾಠಿ ಬಂದು ಕೈ ಹಿಡಿಯುತ್ತವೆ. ನಾನು ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಸಂಗೀತ ಕಲಿಸಿದವಳು. ಆರು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ವಿಡಿಯೊ ಕರೆಯಲ್ಲಿ ಇವಳಿಗೂ ಕಲಿಸುತ್ತಿದ್ದೇನೆ. ಫೋನನ್ನು ನನ್ನ ಮುಖದ ಕಡೆಗಲ್ಲ, ತಾಳ ಹಾಕುವ ಬಲಗೈಯ ಕಡೆಗೆ ತಿರುಗಿಸಿ ಇಡುವುದು ನಮ್ಮ ರೂಢಿ. ಹುಡುಗಿಯ ಕಂಠ ಬಂಗಾರ. ತಾಳದ ವಿಷಯಕ್ಕೆ ಬಂದರೆ ಅಷ್ಟೇ ಅಂಜುಬುರುಕಿ. ಹೋದ ವರ್ಷ ಕಾಲೇಜಿನ ಸ್ಪರ್ಧೆಯಲ್ಲಿ ಸಭಿಕರು ಖುಷಿಯಿಂದ ಚಪ್ಪಾಳೆ ತಟ್ಟತೊಡಗಿದರಂತೆ. ಇವಳಿಗೆ ತಾಳ ಕೈತಪ್ಪಿತು. ಹಾಡನ್ನು ನಡುವೆಯೇ ಬಿಟ್ಟು ವೇದಿಕೆಯಿಂದ ಇಳಿದು ಬಂದವಳು ಆಮೇಲೆ ನಾಲ್ಕು ಜನರ ಮುಂದೆ ಬಾಯಿ ತೆರೆದಿರಲಿಲ್ಲ.

ಈಗ ಗಣರಾಜ್ಯೋತ್ಸವದ ದಿನ ಕುರ್ಲಾದ ಕಡೆಯ ಒಂದು ಮೈದಾನದಲ್ಲಿ ದೊಡ್ಡ ಬಯಲು ಸಂಗೀತ ಕಾರ್ಯಕ್ರಮ. ಹೆಸರಾಂತ ತಂಡ ಬರುವ ಮೊದಲು ಊರಿನ ಆರು ಮಂದಿ ಹೊಸ ಗಾಯಕರಿಗೆ ಒಂದೊಂದು ಹಾಡು, ಯಾರ ಭಾಷೆ ಯಾವುದೋ ಆ ಭಾಷೆಯಲ್ಲಿ. ಸಾನಿಕಾಳ ಗೆಳತಿಯೊಬ್ಬಳು ಇವಳನ್ನು ಕೇಳದೆಯೇ ಇವಳ ಧ್ವನಿಮುದ್ರಣ ಕಳಿಸಿ, ಇವಳು ಆಯ್ಕೆಯೂ ಆಗಿಬಿಟ್ಟಿದ್ದಳು. ಹಾಡು ನನ್ನದೇ. ಬೆಳಗಿನ ಪ್ರಭಾತಫೇರಿಗೆ ಹೊರಟ ಹುಡುಗಿಯರು ಒಂದೊಂದೇ ಓಣಿಯನ್ನು ಎಬ್ಬಿಸುತ್ತ ಹೋಗುವುದನ್ನು ಎಂದೋ ಶಾಲೆಯ ಮಕ್ಕಳಿಗಾಗಿ ಕಟ್ಟಿದ್ದೆ. ಅದನ್ನು ಕೂಡಿಸಿದ್ದು ಹಿಂದುಸ್ತಾನಿಯ ರೂಪಕ ತಾಳಕ್ಕೆ, ಅಂದರೆ ಏಳು ಮಾತ್ರೆಯ, ಏಳು ಎಣಿಕೆಯ ಸುತ್ತಿಗೆ. ನಡೆಯುತ್ತ ಹೇಳುವ ಹಾಡನ್ನು ಏಳರಲ್ಲಿ ಯಾರಾದರೂ ಕಟ್ಟುತ್ತಾರೆಯೇ, ಮಕ್ಕಳ ಹೆಜ್ಜೆಯೇ ತಪ್ಪುತ್ತದೆ ಎಂದು ಆಗ ನಮ್ಮ ಮುಖ್ಯೋಪಾಧ್ಯಾಯಿನಿ ಬೈದಿದ್ದರು. ನಾನು ಬದಲಾಯಿಸಲಿಲ್ಲ. ನನ್ನ ಹಟ ನನಗೆ.

ಈ ರೂಪಕದ ಸ್ವಭಾವವನ್ನು ಒಂದಿಷ್ಟು ಹೇಳಲೇಬೇಕು. ಉಳಿದ ತಾಳಗಳಲ್ಲಿ ಮೊದಲ ಮಾತ್ರೆಗೆ ಗಟ್ಟಿಯಾಗಿ ಚಪ್ಪಾಳೆ ಬೀಳುತ್ತದೆ. ರೂಪಕದಲ್ಲಿ ಮೊದಲ ಮಾತ್ರೆಯೇ ಖಾಲಿ. ಅಲ್ಲಿ ಕೈ ಬಡಿಯುವಂತಿಲ್ಲ, ಗಾಳಿಯಲ್ಲಿ ಬೀಸಿ ಬಿಡಬೇಕು. ಚಪ್ಪಾಳೆ ಬರುವುದು ನಾಲ್ಕಕ್ಕೆ, ಆಮೇಲೆ ಆರಕ್ಕೆ. ಇದು ತಿಳಿಯದ ಸಾವಿರಾರು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರೆ ಪಳಗಿದವರೂ ಎಡವುತ್ತಾರೆ.

ಆ ಬೆಳಿಗ್ಗೆ ಬಿಲ್ಡಿಂಗಿನ ಅಂಗಳದಲ್ಲಿ ಧ್ವಜಾರೋಹಣ. ಸೆಕ್ರೆಟರಿ ಎಷ್ಟು ಜಗ್ಗಿದರೂ ಗಂಟು ಬಿಚ್ಚದೆ, ಕೊನೆಗೆ ಮೂರನೇ ಮಹಡಿಯವರು ಬಾಲ್ಕನಿಯಿಂದ ಬಟ್ಟೆ ಒಣಹಾಕುವ ಕೋಲು ಚಾಚಿ ಧ್ವಜ ಬಿಡಿಸಿದರು. ನಮ್ಮ ಶಾಲೆಯಲ್ಲಿ ಪೆಪ್ಪರಮಿಂಟು ಕೊಡುತ್ತಿದ್ದೆವು. ಇಲ್ಲಿ ಬಿಸಿ ಜಿಲೇಬಿ. ನಾನು ಎರಡನೆಯದಕ್ಕೆ ಕೈ ಚಾಚಿದಾಗ ಸಾನಿಕಾ ನನ್ನನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡು ಹೋದಳು. ಅವಳ ಅಂಗೈ ತಣ್ಣಗಾಗಿತ್ತು.

"ಮೌಶಿ, ನೀವು ಫ್ರಂಟ್‌ನಲ್ಲೇ ನಿಲ್ಲಬೇಕು. ನಿಮ್ಮ ಹಾಥ್ ನನಗೆ ದಿಸಬೇಕು," ಎಂದಳು, ಚಿಕ್ಕಮ್ಮನ ತಾಳದ ಕೈ ಕಾಣದೆ ಹಾಡಲಾರೆ ಎನ್ನುವ ಹಾಗೆ. "ಈ ಸಲ ಭೀ ತಪ್ಪಿದ್ರೆ ನಾನು ಗಾನಾ ಬಿಟ್ಟುಬಿಡ್ತೀನಿ. ಪಕ್ಕಾ."

ನಾನು ಗದರಿದೆ. ಆದರೆ ಹುಡುಗಿ ಹೆದರಿಸಲು ಆಡಿದ ಮಾತಲ್ಲ ಅದು, ನಿಜವಾಗಿಯೂ ಬಿಡುತ್ತಾಳೆ ಎಂದು ಅವಳ ಮುಖ ಹೇಳುತ್ತಿತ್ತು. ಮುಂದೆಯೇ ನಿಲ್ಲುತ್ತೇನೆ, ಹೋಗು ಎಂದು ಮಾತು ಕೊಟ್ಟೆ. ಹತ್ತು ಗಂಟೆಗೆ ಅವಳು ತಾಲೀಮಿಗೆ ಹೋದಳು.

ಸಯನ್‌ನಿಂದ ಕುರ್ಲಾ, ಒಂದೇ ಸ್ಟೇಷನ್

ಮಧ್ಯಾಹ್ನ ನಾನೂ ಭಾವನೂ ಹೊರಟೆವು. ಅಕ್ಕನಿಗೆ ಮೊಣಕಾಲಿನ ಆಪರೇಷನ್ ಆಗಿ ಮೂರು ವಾರವಾಗಿತ್ತು. ಬರಲಾಗದ ಸಂಕಟವನ್ನೆಲ್ಲ ಅವಳು ಮಂಚದ ಮೇಲೆ ಕೂತು ನಮ್ಮ ಚೀಲ ತುಂಬಿಸುವುದರಲ್ಲಿ ತೀರಿಸಿಕೊಂಡಳು. ಕೂತು ಕೇಳಲು ಒಂದು ಜಮಖಾನೆ. ಒಂದು ಡಬ್ಬಿ ಚಕ್ಕುಲಿ, ಒಂದು ಡಬ್ಬಿ ಹಚ್ಚಿದ ಅವಲಕ್ಕಿ, ಥರ್ಮಾಸಿನಲ್ಲಿ ಚಹಾ, ಸಂಜೆಯ ಥಂಡಿಗೆ ಶಾಲು, ಎಲೆಅಡಿಕೆಯ ಚಂಚಿ. ನಮ್ಮೂರಲ್ಲಿ ಗಾಯನ ಕೇಳಲು ಹೋಗುವುದು ಎಂದರೆ ಹೀಗೆಯೇ. ಗವಾಯಿ ಶ್ರುತಿ ಮಾಡಿಕೊಳ್ಳುವಷ್ಟರಲ್ಲಿ ನಾವು ಜಾಗ ಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಿರುತ್ತೇವೆ. ಮುಂಬಯಿಯಲ್ಲಿ ಬೇರೆ ರೀತಿ ಇರಬಹುದು ಎಂದು ನನಗೂ ಹೊಳೆಯಲಿಲ್ಲ, ಅಕ್ಕನಿಗೂ ಹೊಳೆಯಲಿಲ್ಲ. ಭಾವ ಇಷ್ಟು ವರ್ಷ ಇಲ್ಲಿದ್ದೂ ಇಂಥ ಕಾರ್ಯಕ್ರಮಕ್ಕೆ ಒಮ್ಮೆಯೂ ಹೋದವರಲ್ಲ.

ಸಯನ್ ಆದಮೇಲೆ ಕುರ್ಲಾ. ನಡುವೆ ಏನೂ ಇಲ್ಲ, ನಾಲ್ಕೈದು ನಿಮಿಷದ ದಾರಿ. ಭಾವ ಗಂಡಸರ ಡಬ್ಬಿ ಹತ್ತಿದರು, ನಾನು ಹೆಂಗಸರದು. ರಜೆಯೆಂದು ಗಾಡಿಗಳು ಕಡಿಮೆ, ಮಕ್ಕಳುಮರಿ ಕಟ್ಟಿಕೊಂಡು ತಿರುಗಾಡಲು ಹೊರಟವರು ಹೆಚ್ಚು. ಒಳಗೆ ಕಿಟಕಿಯ ಹತ್ತಿರ ಒಂದಿಷ್ಟು ಸೀಟು ಖಾಲಿ ಕಂಡಿತು. ಮೈಯೆಲ್ಲ ಕಣ್ಣಾಗಿ ನುಗ್ಗಿದೆ, ಕೂತೆ, ಗೆದ್ದೆ ಎಂದುಕೊಂಡೆ. ಎದುರಿನಾಕೆ ಮಡಿಲಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಎಲ್ಲಿ ಇಳಿಯುತ್ತೀ ಎಂದು ಕೇಳಿದಳು. ಕುರ್ಲಾ ಎಂದೆ. ಆಕೆಯ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಕುರ್ಲಾದಲ್ಲಿ ಇಳಿಯುವವಳು ಒಳಗೆ ಯಾಕೆ ಬಂದೆ ಎಂದು ಅಕ್ಕಪಕ್ಕದ ನಾಲ್ವರೂ ಕೂಡಿ ನನ್ನನ್ನು ತರಾಟೆಗೆ ತೆಗೆದುಕೊಂಡರು.

ಆಗ ತಿಳಿಯಿತು, ಲೋಕಲ್ ಗಾಡಿಗೂ ಒಂದು ಶಾಸ್ತ್ರವಿದೆ. ಇಳಿಯುವವರು ಮೊದಲೇ ಎದ್ದು ಮುಂದಿನವರ ಭುಜ ಮುಟ್ಟಿ, ನೀವು ಇಳಿಯುತ್ತೀರಾ ಎಂದು ಕೇಳಬೇಕು. ಇಳಿಯುವವರಾದರೆ ಅವರ ಹಿಂದೆ ನಿಲ್ಲಬೇಕು. ಅಲ್ಲವಾದರೆ ಅವರು ಪಕ್ಕಕ್ಕೆ ತಿರುಗಿ ತಮ್ಮ ಜಾಗ ನಮಗೆ ಕೊಟ್ಟು ನಮ್ಮ ಜಾಗಕ್ಕೆ ತಾವು ಬರುತ್ತಾರೆ. ಹೀಗೆ ಅದಲುಬದಲಾಗುತ್ತ ಬಾಗಿಲು ಮುಟ್ಟಬೇಕು. ಇದೆಲ್ಲ ನನಗೆ ಗೊತ್ತಾಗುವ ಹೊತ್ತಿಗೆ ಕುರ್ಲಾ ಬಂದಿತ್ತು, ಹೋಗಿಯೂ ಆಗಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಭಾವ ಕೈ ಎತ್ತಿ ಏನೋ ಕೂಗುತ್ತಿರುವುದು ಕಿಟಕಿಯಲ್ಲಿ ಕಂಡು ಮರೆಯಾಯಿತು. ಮೆಂತ್ಯೆ ಸೊಪ್ಪಿನಾಕೆಯೇ ನನ್ನನ್ನು ಎಬ್ಬಿಸಿ, ತಾನೇ ಮುಂದೆ ನಿಂತು ಎಲ್ಲರನ್ನೂ ಕೇಳುತ್ತ, ವಿದ್ಯಾವಿಹಾರದಲ್ಲಿ ನನ್ನನ್ನು ಕೆಳಗಿಳಿಸಿದಳು. ತಾನು ಇಳಿಯಲಿಲ್ಲ, ಮತ್ತೆ ಹೋಗಿ ಸೊಪ್ಪು ಹಿಡಿದು ಕೂತಳು. ಹಿಂದಕ್ಕೆ ಬರುವ ಗಾಡಿಗೆ ಇಪ್ಪತ್ತು ನಿಮಿಷ ಕಾದೆ. ಒಂದು ಸ್ಟೇಷನ್ನಿನ ಪ್ರಯಾಣಕ್ಕೆ ಮುಕ್ಕಾಲು ತಾಸು. ಸಾನಿಕಾಳಿಗೆ ಕೊಟ್ಟ ಮಾತು ನೆನಪಾಗಿ, ಕುರ್ಲಾದಲ್ಲಿ ಕಾಯುತ್ತಿದ್ದ ಭಾವನನ್ನು ಕೂಡಿಕೊಂಡು ಬಿರಬಿರನೆ ಮೈದಾನದ ಕಡೆಗೆ ಹೆಜ್ಜೆ ಹಾಕಿದೆ.

ಮೂರನೇ ಗೇಟು

ಮೈದಾನದ ಹೊರಗೆ ಜನವೋ ಜನ. ಕೆನ್ನೆಗೆ ಮೂರು ಬಣ್ಣ ಬಳಿದುಕೊಂಡ ಹುಡುಗಿಯರು, ಹೆಗಲ ಮೇಲೆ ಮಗುವನ್ನು ಹೊತ್ತ ಅಪ್ಪಂದಿರು, ಸಮವಸ್ತ್ರದಲ್ಲೇ ಬಂದ ಯಾವುದೋ ಕಾಲೇಜಿನ ಕವಾಯತು ಪಡೆ. ಒಳಗಿನಿಂದ ಡ್ರಮ್ಮಿನ ಸದ್ದು ಗುಂಡಿಗೆಗೇ ಬಂದು ಬಡಿಯುತ್ತಿತ್ತು. ಅರವತ್ತು ದಾಟಿದ ನನಗೆ, ನಿಜ ಹೇಳುತ್ತೇನೆ, ಕುಣಿಯಬೇಕೆನಿಸಿತು.

ಮೂರನೇ ಗೇಟಿನಲ್ಲಿ ಕಾವಲಿನ ಹೆಂಗಸು ನಮ್ಮ ಚೀಲ ತೆರೆದಳು. ಥರ್ಮಾಸು ಹೊರಗೆ ಬಂತು, ಒಳಗೆ ಬಿಡುವುದಿಲ್ಲ. ಡಬ್ಬಿ ಎರಡೂ ಹೊರಗೆ. ಎಲೆಅಡಿಕೆಯ ಚಂಚಿಯನ್ನು ಮೂಸಿ ನೋಡಿ ಅದನ್ನೂ ಹೊರಗಿಟ್ಟಳು. ಕೊನೆಗೆ ಜಮಖಾನೆ ಎಳೆದು, ಬಿಚ್ಚಿ, ನನ್ನ ಮುಖ ನೋಡಿದಳು.

"ಇಧರ್ ಸೋನೇ ಕೋ ಆಯೀ ಕ್ಯಾ, ಮಾವ್ಶಿ?"

ಇಲ್ಲಿ ಮಲಗಲು ಬಂದೆಯಾ ಎಂಬ ಆ ಪ್ರಶ್ನೆಗೆ ಸಾಲಿನಲ್ಲಿ ಎಲ್ಲರೂ ನಕ್ಕರು. ಒಳಗೆ ಕೂರುವಂತೆಯೇ ಇಲ್ಲವಂತೆ, ಎಲ್ಲರೂ ನಿಂತೇ ಕೇಳುವುದಂತೆ. ನಿಂತು ಕೇಳುವ ಗಾಯನವನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಥರ್ಮಾಸು ಜಮಖಾನೆಗಳಿಗೆ ಟೋಕನ್ ಕೊಟ್ಟು ಮೇಜಿನ ಕೆಳಗೆ ಇಟ್ಟುಕೊಂಡರು, ತಿನ್ನುವ ಪದಾರ್ಥ ಮಾತ್ರ ಬಿಸಾಡಬೇಕು ಎಂದರು. ಅಕ್ಕ ನೋಯುವ ಕಾಲಿನಲ್ಲಿ ನಿಂತು ಕರಿದ ಚಕ್ಕುಲಿಯನ್ನು ಬಿಸಾಡುವುದೇ? ಡಬ್ಬಿ ತೆರೆದು ಹಿಂದಿದ್ದವರ ಕಡೆ ಚಾಚಿದೆ. ಎರಡು ನಿಮಿಷದಲ್ಲಿ ಎರಡೂ ಡಬ್ಬಿ ಖಾಲಿ. ಕಾವಲಿನಾಕೆಯೂ ಒಂದು ಚಕ್ಕುಲಿಯನ್ನು ಮೆಲ್ಲಗೆ ಜೇಬಿಗಿಳಿಸಿದಳು. ಒಳಗೆ ಮೊದಲನೆಯ ಗಾಯಕನ ಹೆಸರು ಕೂಗುತ್ತಿದ್ದರು. ಸಾನಿಕಾಳದು ಮೂರನೆಯದು.

ಮೈದಾನ

ವೇದಿಕೆ ಎಲ್ಲೋ ದೂರದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ನಡುವೆ ಬರೀ ಬೆನ್ನುಗಳು. ಐದಡಿಯ ನನಗೆ ಬೆನ್ನು ಬಿಟ್ಟು ಬೇರೇನೂ ಕಾಣುವ ಹಾಗಿರಲಿಲ್ಲ. ದಯವಿಟ್ಟು ಜಾಗ ಬಿಡಿ, ನಮ್ಮ ಹುಡುಗಿ ಹಾಡುತ್ತಾಳೆ ಎಂದು ನನ್ನ ಹರಕುಮುರುಕು ಹಿಂದಿಯಲ್ಲಿ ಬೇಡಿಕೊಂಡೆ. ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಕೇಳಿಸಿಕೊಂಡ ಒಬ್ಬಿಬ್ಬರು, ಎಲ್ಲರ ಮನೆಯಲ್ಲೂ ಯಾರಾದರೊಬ್ಬರು ಹಾಡುತ್ತಾರೆ ಬಿಡಿ ಎನ್ನುವ ಹಾಗೆ ನೋಡಿದರು.

ಆಗ ಭಾವ ಅಂಗಿಯ ತೋಳು ಮಡಿಚಿದರು. ನನ್ನನ್ನು ಹಿಂದಕ್ಕೆ ನಿಲ್ಲಿಸಿಕೊಂಡು, ಮುಂದಿದ್ದ ಆಜಾನುಬಾಹುವಿನ ಭುಜವನ್ನು ಎರಡು ಬೆರಳಿನಿಂದ ಮುಟ್ಟಿ ಕೇಳಿದರು.

"ಉತರ್ನಾ ಹೈ ಕ್ಯಾ?"

ಮೈದಾನದಲ್ಲಿ ಇಳಿಯುವುದು ಎಲ್ಲಿ ಬಂತು? ಆದರೆ ಆ ಮನುಷ್ಯ ಯೋಚಿಸಲೇ ಇಲ್ಲ. ತಿರುಗಿಯೂ ನೋಡದೆ ಇಲ್ಲವೆಂದು ತಲೆಯಾಡಿಸಿ, ಹೆಗಲು ವಾರೆ ಮಾಡಿ, ನಮ್ಮ ಜಾಗಕ್ಕೆ ತಾನು ಬಂದು ತನ್ನ ಜಾಗ ನಮಗೆ ಕೊಟ್ಟ. ಭಾವ ಮುಂದಿನವರ ಭುಜ ಮುಟ್ಟಿದರು. ಅವರೂ ಹಾಗೆಯೇ. ದಿನವೂ ಎರಡು ಹೊತ್ತು ಲೋಕಲ್ಲಿನಲ್ಲಿ ಮಾಡಿ ಮಾಡಿ ಮೈಗೇ ಹತ್ತಿಬಿಟ್ಟಿದೆ. ಭುಜ ಮುಟ್ಟಿ ಆ ಮಾತು ಕೇಳಿದರೆ ಸಾಕು, ಮುಂಬಯಿಯವರ ಕಾಲು ತಾನಾಗಿ ಸರಿಯುತ್ತದೆ. ನಾವು ಹತ್ತು ಸಾಲು ದಾಟಿದ ಮೇಲೆ ಹಿಂದಿನಿಂದ ಆ ಮೊದಲಿನವನ ನಗು ಕೇಳಿಸಿತು. ಕಾಕಾ, ಇಳಿಯುವುದು ಯಾವ ಸ್ಟೇಷನ್ನಿಗೆ ಎಂದು ಕೂಗಿದ. ಸುತ್ತಲಿನವರಿಗೆಲ್ಲ ತಮಾಷೆ ತಿಳಿದು, ಕುರ್ಲಾ ಕುರ್ಲಾ ಎಂದು ಕೂಗುತ್ತ ತಾವೇ ನಮ್ಮನ್ನು ಮುಂದೆ ಸಾಗಿಸತೊಡಗಿದರು. ನಾಚಿಕೆಯಾಗಬೇಕಿತ್ತು, ನನಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ಒಂದು ಲೋಟ ನೀರನ್ನೂ ಕೇಳಿ ಕುಡಿಯುವ ಸಾಧು ಭಾವನಲ್ಲಿ ಇಂಥ ದಿಗ್ವಿಜಯದ ಕಳೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಆದರೂ ವೇದಿಕೆಯ ಮುಂದಿನ ಕಟಕಟೆಗೆ ಇನ್ನೂ ಹದಿನೈದಿಪ್ಪತ್ತು ಸಾಲು ಇರುವಾಗ ಎಲ್ಲ ನಿಂತುಹೋಯಿತು. ಅಲ್ಲಿಂದ ಮುಂದೆ ಬೆಳಗಿನಿಂದ ಬಂದು ಬೇರೂರಿದ ಹುಡುಗ ಹುಡುಗಿಯರು. ಅವರು ಸರಿದರೂ ಸರಿಯಲು ಜಾಗವಿರಲಿಲ್ಲ. ಎತ್ತಿ ಹಿಡಿದ ಎರಡು ಫೋನುಗಳ ನಡುವಿನ ಸಂದಿಯಲ್ಲಿ ವೇದಿಕೆ ಕಂಡಿತು. ಅಲ್ಲಿಗೆ ಸಾನಿಕಾ ಬಂದು ನಿಂತಳು. ಹಸಿರು ಸೀರೆ, ಅಕ್ಕನದು. ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಮೊದಲ ಸಾಲನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹುಡುಕಿದಳು. ನಾನು ಅಲ್ಲಿರಲಿಲ್ಲ.

ಏಳು ಮಾತ್ರೆ

ಆರಂಭ ಚೆನ್ನಾಗಿಯೇ ಆಯಿತು. ತಬಲಾದವನು ಒಳ್ಳೆಯ ಹದದಲ್ಲಿ ಠೇಕಾ ಹಿಡಿದ, ಗಿಟಾರಿನವನು ಹಿಂದಿನಿಂದ ತೆಳ್ಳಗೆ ತುಂಬಿದ, ಇವಳು ಪಲ್ಲವಿ ಎತ್ತಿದಳು. ಅಷ್ಟು ದೊಡ್ಡ ಬಯಲಿನಲ್ಲಿ ಕನ್ನಡ ತೇಲಿ ಬಂದದ್ದೇ ತಡ, ಅಲ್ಲಲ್ಲಿ ಸಿಳ್ಳೆ ಬಿತ್ತು. ಎಡಗಡೆ ಎಲ್ಲೋ ಹೋಟೆಲಿನ ಮಂದಿಯಿರಬೇಕು, ತುಳುವಿನಲ್ಲಿ ಏನೋ ಕೂಗಿ ಹುರಿದುಂಬಿಸಿದರು. ನನ್ನ ಓಣಿಗಳು, ನನ್ನ ಹುಡುಗಿಯರು, ಅವರು ಎಬ್ಬಿಸುವ ಬಾಗಿಲುಗಳು, ಎಲ್ಲ ಆ ಧ್ವನಿವರ್ಧಕಗಳಿಂದ ಹೊರಬಂದು ಇಡೀ ಮೈದಾನದ ಮೇಲೆ ಹರಡಿದವು. ನನಗೆ ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು.

ಜನಕ್ಕೆ ಹಾಡು ಹಿಡಿಸಿತು. ಹಿಡಿಸಿದ್ದೇ ತಪ್ಪಾಯಿತು. ಮೊದಲನೆಯ ಚರಣಕ್ಕೆ ಬರುವಾಗ ಹಿಂದಿನಿಂದ ಚಪ್ಪಾಳೆ ಎದ್ದಿತು. ಒಂದು, ಎರಡು, ಮೂರು, ನಾಲ್ಕು. ಅಕ್ಕರೆಯ ಚಪ್ಪಾಳೆಯೇ, ಆದರೆ ನಾಲ್ಕರದು. ಹಾಡು ಏಳರದು. ಅದು ಹಿಂದಿನಿಂದ ಮುಂದಕ್ಕೆ ಹಬ್ಬಿ, ವೇದಿಕೆ ಮುಟ್ಟುವಷ್ಟರಲ್ಲಿ ಒಂದೊಂದು ಕಡೆಯಿಂದ ಒಂದೊಂದು ಹೊತ್ತಿಗೆ ಬೀಳುತ್ತಿತ್ತು. ಸಾನಿಕಾ ಚರಣದ ಎರಡನೆಯ ಸಾಲಿನಲ್ಲಿ ಅರ್ಧ ಮಾತ್ರೆ ಹಿಂದೆ ಬಿದ್ದಳು, ಹಿಡಿಯಲು ಓಡಿದಳು, ಮುಂದೆ ಹೋಗಿಬಿಟ್ಟಳು. ತಬಲಾದವನು ತಲೆಯೆತ್ತಿ ಅವಳ ಕಡೆ ನೋಡಿದ. ಮುಂದಿನ ಸಾಲು ಬರಲೇ ಇಲ್ಲ. ಮೈಕಿನ ಮುಂದೆ ಬಾಯಿ ಅರ್ಧ ತೆರೆದು ನಿಂತಳು. ತಬಲಾ, ಗಿಟಾರು ಸುಮ್ಮನೆ ಸುತ್ತು ಹಾಕುತ್ತ ಕಾಯತೊಡಗಿದವು.

ಇಳಿದು ಹೋಗಿಬಿಡುತ್ತಾಳೆ ಎಂದುಕೊಂಡೆ. ಕೈ ಮೇಲೆತ್ತಿ ತಾಳ ಹಾಕಿದೆ. ಅಷ್ಟು ಫೋನುಗಳ ನಡುವೆ ನನ್ನ ಒಂದು ಕೈ ಯಾರಿಗೆ ಕಾಣಬೇಕು? ಪಕ್ಕದಲ್ಲಿ ಕೆನ್ನೆಗೆ ಬಣ್ಣ ಬಳಿದ ಮೂವರು ಹುಡುಗಿಯರು ಖುಷಿಯಿಂದ ನಾಲ್ಕರ ಚಪ್ಪಾಳೆ ತಟ್ಟುತ್ತಿದ್ದರು. ಆಗ ನನ್ನೊಳಗಿನ ಇಪ್ಪತ್ತೊಂಬತ್ತು ವರ್ಷದ ಟೀಚರಮ್ಮ ಎದ್ದುಬಂದಳು. ಒಬ್ಬಳ ಎರಡೂ ಕೈ ಹಿಡಿದು ನಿಲ್ಲಿಸಿದೆ.

"ತಾಲೀ ಬಂದ್! ಪಹಿಲೇ ಹಾಥ್ ಖಾಲಿ. ಮೈ ಜೈಸಾ ಕರ್ತೀ, ವೈಸಾ ಕರ್."

ಚಪ್ಪಾಳೆ ನಿಲ್ಲಿಸು, ನಾನು ಮಾಡಿದ ಹಾಗೆ ಮಾಡು ಎಂದ ಆ ಹಿಂದಿ ಎಷ್ಟು ಕೆಟ್ಟದಿತ್ತೋ ದೇವರೇ ಬಲ್ಲ. ಆದರೆ ಆ ದನಿಗೆ ಯಾವ ಊರಿನ ಹುಡುಗಿಯರೂ ಬಗ್ಗುತ್ತಾರೆ. ಮೂವರೂ ಗಪ್‌ಚುಪ್ಪಾಗಿ ನನ್ನ ಕೈ ನೋಡಿದರು. ಒಂದಕ್ಕೆ ಕೈ ಗಾಳಿಗೆ, ನಾಲ್ಕಕ್ಕೆ ಚಪ್ಪಾಳೆ, ಆರಕ್ಕೆ ಚಪ್ಪಾಳೆ. ಎರಡು ಸುತ್ತಿಗೆ ಹಿಡಿದರು. ಅವರನ್ನು ನೋಡಿ ಅವರ ಮುಂದಿನವರು, ಇದೇನೋ ಹೊಸ ಕುಣಿತವೆಂದುಕೊಂಡು ಬಲಕ್ಕಿದ್ದ ಒಂದು ಕುಟುಂಬ, ಅವರ ಆಚೆ ಕಾಲೇಜಿನ ಪಡೆ. ಭಾವ ಮಾತ್ರ ಸರಿಯಾಗಿ ಒಂದಕ್ಕೇ ಚಪ್ಪಾಳೆ ಬಡಿಯುತ್ತಿದ್ದರು. ಅವರ ಕೈಯನ್ನು ಹಿಡಿದು ನಾನೇ ಬೀಸಿಸಿದೆ. ಐವತ್ತು ಕೈಯಾಯಿತು, ನೂರಾಯಿತು. ಸುತ್ತ ಇಡೀ ಮೈದಾನ ನಾಲ್ಕರಲ್ಲಿ ಬಡಿಯುತ್ತಿದ್ದರೆ ನಮ್ಮದೊಂದು ಪೈರಿನ ಮಡಿ ಮಾತ್ರ ಏಳರಲ್ಲಿ ಏಳುತ್ತ ಬೀಳುತ್ತ ಇತ್ತು. ನೋಡೇ, ಇಲ್ಲಿ ನೋಡೇ ಎಂದು ನಾನು ಕನ್ನಡದಲ್ಲೇ ಅರಚಿದೆ.

ಒಂದು ಸುತ್ತು ಹೋಯಿತು. ಇನ್ನೊಂದು ಹೋಯಿತು. ಸಾನಿಕಾಳ ಮುಷ್ಟಿಯಿಂದ ಸೆರಗು ಜಾರಿತು. ಮೂರನೆಯ ಸುತ್ತಿನ ಕೊನೆಗೆ ಅವಳು ಉಸಿರೆಳೆದುಕೊಂಡದ್ದು ಮೈಕಿನಲ್ಲಿ ಕೇಳಿಸಿತು. ಆ ಖಾಲಿಯ ಮೇಲೆ, ಕೂದಲೆಳೆ ಆಚೀಚೆ ಇಲ್ಲದೆ, ಬಿಟ್ಟ ಸಾಲನ್ನು ಎತ್ತಿದಳು.

ವಾಹ್ ಎಂದು ಕಿರುಚಿದೆ. ನಮ್ಮೂರಿನಲ್ಲಿ ಹಾಗೆ ಕಿರುಚಿದರೆ ಹಿರಿಯರು ತಿರುಗಿ ನೋಡುತ್ತಾರೆ. ಇಲ್ಲಿ ಮೂವರು ಹುಡುಗಿಯರೂ ನನ್ನನ್ನು ತಬ್ಬಿಕೊಂಡು ನನಗಿಂತ ಜೋರಾಗಿ ಕಿರುಚಿದರು. ಅಲ್ಲಿಂದ ಮುಂದೆ ಅವಳನ್ನು ತಡೆಯುವವರಿರಲಿಲ್ಲ. ಕೊನೆಯ ಚರಣವನ್ನು ನಗುತ್ತ ಹಾಡಿದಳು. ತಪ್ಪು ಚಪ್ಪಾಳೆಯ ನಡುವೆಯೇ ಒಂದು ಸಣ್ಣ ತಾನ್ ಹಾಕಿ, ಸ್ವರಗಳನ್ನು ಸರಸರ ಓಡಿಸಿ, ಸುತ್ತಿನ ಮೊದಲ ಮಾತ್ರೆಯಾದ ಸಮಕ್ಕೆ ಬಂದು ಕೂತಳು. ಅದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಅರ್ಧ ತಾಸಿನ ಮೇಲೆ ವೇದಿಕೆಯ ಪಕ್ಕದ ಗೇಟಿನಲ್ಲಿ ಸಿಕ್ಕಳು. ಬಿಸಿಲು ಇನ್ನೂ ಇತ್ತು. ಸೀರೆ ಬೆವರಿಗೆ ಅಂಟಿಕೊಂಡಿತ್ತು, ಮುಖ ಹೊಳೆಯುತ್ತಿತ್ತು. ಅಪ್ಪನ ಎದೆಗೆ ಒರಗಿ ಸ್ವಲ್ಪ ಹೊತ್ತು ಅತ್ತಳು, ಆಮೇಲೆ ನನ್ನ ಕೊರಳಿಗೆ ಬಿದ್ದಳು. ನಾನಂತೂ ಹೆಮ್ಮೆಯಿಂದ ಬೀಗಿ ನಿಂತಿದ್ದೆ. ಅಷ್ಟು ಹಿಂದಿದ್ದರೂ ನಮ್ಮ ಕೈ ಹೆಂಗ ಕಾಣಿಸಿತು ಎಂದು ಕೇಳಿದೆ.

"ಯಾವ ಕೈ ಮೌಶಿ?" ಎಂದಳು. "ನೀವು ದಿಸಲೇ ಇಲ್ಲ. ನಾನು ಆಂಖ್ ಮುಚ್ಚಿಬಿಟ್ಟೆ. ತಬಲಾ ಕೇಳ್ತಾ ಕೇಳ್ತಾ ಖಾಲಿ ಸಿಕ್ತು."

ಹಾಗಾದರೆ ಅಷ್ಟು ಕೈಗಳು, ಆ ಅರಚಾಟ, ಪಾಪ ಆ ಹುಡುಗಿಯರಿಗೆ ಹಾಕಿದ ಗದರಿಕೆ? ಭಾವ ಮುಖ ತಿರುಗಿಸಿಕೊಂಡು ನಗುತ್ತಿದ್ದರು. ಒಂದು ಕ್ಷಣ ನನಗೆ ಸಿಟ್ಟು ಬಂದದ್ದು ನಿಜ, ಮುಚ್ಚಿಡುವುದೇನು. ಆರು ವರ್ಷ ಅವಳ ಕಣ್ಣ ಮುಂದೆ ಹಿಡಿದ ಕೈ ಅದು. ಅದನ್ನು ಬೇಕೆಂದು ಹಟ ಹಿಡಿದವಳು ಅವಳೇ. ಆಮೇಲೆ ಅವಳನ್ನೇ ನೋಡಿದೆ. ಕಣ್ಣು ಮುಚ್ಚಿದ ಆ ಸುತ್ತುಗಳಲ್ಲಿ ಅವಳಿಗೆ ಎಷ್ಟು ಭಯವಾಗಿರಬೇಕು ಎಂದು ಯೋಚನೆ ಬಂತು. ಆ ಭಯದಲ್ಲೂ ಅವಳು ಇಳಿದು ಹೋಗಲಿಲ್ಲ. ಅವಳ ಬೆನ್ನು ಸವರುತ್ತ ನಿಂತೆ.

ದೊಡ್ಡ ತಂಡದವರು ವಾದ್ಯ ಜೋಡಿಸುತ್ತಿದ್ದರು. ಜನ ಆಗಲೇ ಅವರ ಹೆಸರು ಹಿಡಿದು ಕೂಗತೊಡಗಿದ್ದರು. ಭಾವನ ಫೋನು ಅಷ್ಟು ಹೊತ್ತೂ ಸಿಗ್ನಲ್ ಇಲ್ಲದೆ ಸತ್ತಂತಿತ್ತು, ಗೇಟಿನ ಹತ್ತಿರ ಅದಕ್ಕೆ ಜೀವ ಬಂತು. ಅಕ್ಕ. ಎಷ್ಟು ಸಲ ಹಚ್ಚಿದ್ದಳೋ. ಭಾವ ಫೋನನ್ನು ನನಗೆ ಕೊಟ್ಟರು.

"ತಾಳ ತಪ್ಪಿದ್ಲೇನ?" ಅಕ್ಕ ಬೇರೇನೂ ಕೇಳಲಿಲ್ಲ.

ತಪ್ಪಿದ್ಲು ಎಂದೆ. ಮಂಚದ ಮೇಲೆ ಕೂತವಳ ಮುಖ ನನಗೆ ಕಾಣುತ್ತಿದ್ದಂತಿತ್ತು.

"ನೀ ಕೈ ತೋರಸ್ಲಿಲ್ಲೇನ ಆಕಿಗೆ?"

"ತೋರಿಸಿದೆ ಅಕ್ಕಾ. ಆಕಿ ನೋಡ್ಲೇ ಇಲ್ಲ. ತಾಳ ತಾನಽ ಹುಡುಕ್ಕೊಂಡ್ಲು."